ರಾಜಕಾಲುವೆ ಪಕ್ಕದ 30×40, ಏರಿನ ಮೇಲಿನ 20×30: ಯಾವುದು ತಗೋಬೇಕು?

ಬೆಂಗಳೂರಲ್ಲಿ ಒಂದೇ ಬಜೆಟ್‌ಗೆ ಎರಡು ಸೈಟ್ ಸಿಕ್ಕಿವೆ ಅಂದುಕೊಳ್ಳಿ. ರಾಜಕಾಲುವೆ (ಮಳೆ ನೀರು ಹರಿಯುವ ದೊಡ್ಡ ಕಾಲುವೆ) ಪಕ್ಕದ ತಗ್ಗಿನದು ದೊಡ್ಡದು, ಏರಿನದು ಚಿಕ್ಕದು.

ತಗ್ಗಿನ ಸೈಟ್‌ನಲ್ಲಿ ಮೊದಲ ಪ್ರಶ್ನೆ ಬಫರ್, ಅಂದರೆ ಕಾಲುವೆ ಪಕ್ಕ ಏನೂ ಕಟ್ಟದೆ ಬಿಡಬೇಕಾದ ಜಾಗ. 2015ರ ಮಾಸ್ಟರ್ ಪ್ಲಾನ್ ಪ್ರಕಾರ ಕಾಲುವೆಯ ಮಧ್ಯದಿಂದ ಪ್ರಾಥಮಿಕ (ದೊಡ್ಡ) ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ (ಮಧ್ಯಮ) 25, ತೃತೀಯಕ್ಕೆ (ಚಿಕ್ಕ) 15. ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಹೆಚ್ಚಿಸಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದು ಮಾಡಿತು. ನಿಯಮ ಹೀಗೆ ಬದಲಾಗುತ್ತಲೇ ಇರುತ್ತದೆ, ಅದಕ್ಕೇ ಈಗಿನ ಅಳತೆಯನ್ನು ಪಾಲಿಕೆಯಿಂದ ಲಿಖಿತವಾಗಿ ಕೇಳಿ, ಬ್ರೋಕರ್ ಮಾತು ನಂಬಬೇಡಿ. ಖಾತೆ ಇದೆ ಅಂದ ಮಾತ್ರಕ್ಕೆ ಕಟ್ಟಬಹುದು ಅಂತ ಅಲ್ಲ. ಖಾತೆ ತೆರಿಗೆಯ ದಾಖಲೆ, ಪ್ಲಾನ್ ಮಂಜೂರಾತಿ ಬೇರೆ. ಹಳೇ ಗ್ರಾಮ ನಕ್ಷೆ ತೆಗೆಸಿ, ಸರ್ಕಾರದ ಭೂ ನಕ್ಷೆ ಆ್ಯಪ್ ದಿಶಾಂಕ್‌ನಲ್ಲಿ ಸರ್ವೆ ನಂಬರ್ ನೋಡಿ. ಹಳ್ಳದ ಗೆರೆ ಅಥವಾ ಬಿ ಖರಾಬು (ಸಾರ್ವಜನಿಕ ಬಳಕೆಗೆ ಮೀಸಲಾದ ಸರ್ಕಾರಿ ಜಾಗ) ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ಏರಿನ ಸೈಟ್‌ಗೆ ಈ ಬಫರ್ ತಲೆನೋವು ಕಮ್ಮಿ. ಮಂಜೂರಾತಿ ಮಾತ್ರ ಅಲ್ಲೂ ಬೇಕು.

2022ರ ಸೆಪ್ಟೆಂಬರ್ ಮಳೆಗೆ ಸರ್ಜಾಪುರ ರಸ್ತೆ ಕಡೆ ಬಡಾವಣೆಗಳೇ ಮುಳುಗಿದ್ದವು, ಅಲ್ವಾ? ನಮ್ಮ ಅಕ್ಕನ ಬಾಡಿಗೆ ಮನೆಯಲ್ಲಿ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ ಇನ್ನೂ ಇದೆ, ಎರಡು ಸಲ ಬಣ್ಣ ಹೊಡೆದರೂ ಹೋಗಲಿಲ್ಲ. ಅಕ್ಕಿ ಡಬ್ಬ ತೇಲುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ನನ್ನನ್ನು ಕೇಳಿದರೆ 20×30 ತಗೊಳ್ಳಿ. ತಗ್ಗಿನದೇ ಬೇಕೆಂದರೆ ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ಹೋಗಿ, ಎದುರು ಮನೆಯವರನ್ನು ಮಾತಾಡಿಸಿ, ಆಮೇಲೆ ಅಡ್ವಾನ್ಸ್ ಕೊಡಿ.