ಹಿರಿಯಣ್ಣನವರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’: ಕಾಲೇಜಿನಲ್ಲಿ ಫಿಲಾಸಫಿ ಓದುವವರು ತಗೊಳ್ಳಬಹುದಾ?

ತಗೊಳ್ಳಿ. ಬಿ.ಎ.ಯಲ್ಲೋ ಎಂ.ಎ.ಯಲ್ಲೋ ಫಿಲಾಸಫಿ ಓದುತ್ತಿದ್ದು, ಭಾರತೀಯ ದರ್ಶನಗಳ ಪೇಪರ್‌ಗೆ ಒಂದೇ ಪುಸ್ತಕ ಕೊಳ್ಳುವಷ್ಟು ದುಡ್ಡಿದ್ದರೆ, ಗೈಡ್ ಬಿಟ್ಟು ಇದನ್ನೇ ಕೊಳ್ಳಿ. ಪುಸ್ತಕ ಹಳೆಯದು, ಇಂಗ್ಲಿಷ್ ಸ್ವಲ್ಪ ಬಿಗಿ. ಆದರೂ ಇದನ್ನೇ ಹೇಳುತ್ತೇನೆ.

ಎಂ. ಹಿರಿಯಣ್ಣ (1871–1950) ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದವರು. ರಾಧಾಕೃಷ್ಣನ್ 1918ರಿಂದ 1921ರವರೆಗೆ ಫಿಲಾಸಫಿ ಕಲಿಸಿದ್ದೂ ಅಲ್ಲೇ. ವರ್ಷಗಟ್ಟಲೆ ಮೈಸೂರಿನ ಕ್ಲಾಸುಗಳಲ್ಲಿ ಹೇಳಿದ ಪಾಠಗಳೇ 1932ರಲ್ಲಿ ಲಂಡನ್ನಿನಿಂದ ಪುಸ್ತಕವಾಗಿ ಬಂದವು. ಓದುವಾಗ ಅದು ಗೊತ್ತಾಗುತ್ತದೆ. ಹುಡುಗರು ಎಲ್ಲಿ ಕೈ ಎತ್ತುತ್ತಾರೋ ಅಲ್ಲೇ ನಿಂತು ವಿವರಿಸುತ್ತಾರೆ.

ಗೈಡಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳುವವರಿಗೆ ಒಂದೇ ಉದಾಹರಣೆ ಕೊಡುತ್ತೇನೆ. ಬಿಸಿಲಲ್ಲಿ ಬಿದ್ದ ಚಿಪ್ಪು ದೂರದಿಂದ ಬೆಳ್ಳಿಯಂತೆ ಕಾಣುತ್ತದೆ. ಬಗ್ಗಿ ಎತ್ತಿಕೊಂಡರೆ ಬರೀ ಚಿಪ್ಪು. ಹಾಗಾದರೆ ಮೊದಲು ಕಂಡಿತಲ್ಲ, ಆ ಬೆಳ್ಳಿ ಏನು? ಬೇರೆಲ್ಲೋ ನೋಡಿದ ನಿಜವಾದ ಬೆಳ್ಳಿಯೇ ಇಲ್ಲಿ ತಪ್ಪಾಗಿ ತೋರಿತು ಅನ್ನುತ್ತಾರೆ ನೈಯಾಯಿಕರು, ಅಂದರೆ ನ್ಯಾಯ ದರ್ಶನದವರು. ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಾ ದರ್ಶನದ (ಪೂರ್ವಮೀಮಾಂಸೆ ಅನ್ನುವುದೂ ಇದನ್ನೇ) ಪ್ರಭಾಕರ, ತಪ್ಪು ಜ್ಞಾನ ಅನ್ನೋದೇ ಇಲ್ಲ ಅನ್ನುತ್ತಾನೆ. ‘ಇದು’ ಅಂತ ಕಂಡದ್ದು ಸರಿ, ‘ಬೆಳ್ಳಿ’ ಅಂತ ನೆನಪಾದದ್ದೂ ಸರಿ, ಎರಡೂ ಬೇರೆ ಅಂತ ನಮಗೆ ಹೊಳೆಯಲಿಲ್ಲ ಅಷ್ಟೇ. ಅದ್ವೈತಿಗಳ ಪ್ರಕಾರ ಆ ಬೆಳ್ಳಿ ಇದೆ ಅನ್ನಲೂ ಆಗುವುದಿಲ್ಲ, ಕಂಡಿತಲ್ಲ, ಹಾಗಾಗಿ ಇಲ್ಲ ಅನ್ನಲೂ ಆಗುವುದಿಲ್ಲ. ರಾಮಾನುಜರ ಕಡೆಯವರು, ಚಿಪ್ಪಿನಲ್ಲೂ ಬೆಳ್ಳಿಯ ಅಂಶ ಸ್ವಲ್ಪ ಇದ್ದೇ ಇದೆ ಅನ್ನುತ್ತಾರೆ.

ಗೈಡಿನಲ್ಲಿ ಇದು ಒಂದು ಟೇಬಲ್. ಈ ಉತ್ತರಗಳ ಹೆಸರುಗಳಲ್ಲಿ ಅಖ್ಯಾತಿ ಯಾರದು, ಅನ್ಯಥಾಖ್ಯಾತಿ ಯಾರದು, ಬಾಯಿಪಾಠ ಮಾಡಿ, ಐದು ಮಾರ್ಕ್ಸ್ ತಗೊಳ್ಳಿ. ಹಿರಿಯಣ್ಣನವರು ಹಾಗೆ ಮಾಡುವುದಿಲ್ಲ. ಒಂದೊಂದು ದರ್ಶನದ ಅಧ್ಯಾಯದಲ್ಲೂ ಭ್ರಮೆಯ ಈ ಪ್ರಶ್ನೆ ಮತ್ತೆ ಬರುತ್ತದೆ, ಪ್ರತಿ ಸಲವೂ ಆ ದರ್ಶನ ಅದೇ ಉತ್ತರ ಕೊಡಲೇಬೇಕಾದದ್ದು ಯಾಕೆ ಅಂತ ಕಾಣುತ್ತದೆ. ಜ್ಞಾನ ತನ್ನಷ್ಟಕ್ಕೆ ತಾನೇ ಪ್ರಮಾಣ, ಅಂದರೆ ಬೇರೆ ಸಾಕ್ಷಿ ಇಲ್ಲದೆಯೇ ಸರಿ, ಅಂತ ಹಿಡಿದರೆ ತಾನೆ ವೇದಕ್ಕೆ ಬೇರೆ ಯಾರ ಆಸರೆಯೂ ಬೇಡ? ಅಲ್ಲಿಂದ ಹೊರಟ ಪ್ರಭಾಕರ ತಪ್ಪು ಜ್ಞಾನವನ್ನು ಒಪ್ಪಿಬಿಟ್ಟರೆ ಬುಡವೇ ಅಲುಗಾಡುತ್ತದೆ. ಅದ್ವೈತಿಗಳು ಚಿಪ್ಪಿನ ಬೆಳ್ಳಿಗೆ ಹೇಳಿದ್ದನ್ನೇ ಇಡೀ ಜಗತ್ತಿಗೂ ಹೇಳಬೇಕು. ರಾಮಾನುಜರಿಗೆ ಜಗತ್ತು ಸತ್ಯ, ಹಾಗಾಗಿ ಕಂಡದ್ದರ ಹಿಂದೆ ಏನಾದರೂ ಇರಲೇಬೇಕು. ಇಷ್ಟು ಅರ್ಥವಾದ ಮೇಲೆ ಟೇಬಲ್ ಬಾಯಿಪಾಠ ಮಾಡುವ ಕೆಲಸವೇ ಉಳಿಯುವುದಿಲ್ಲ. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್‌ಗೆ ಓದುವವರೂ ಇದನ್ನು ಗಮನಿಸಿ, ಅಲ್ಲಿ ಪ್ರಶ್ನೆ ತಿರುಚಿ ಕೇಳಿದಾಗ ಕೈಹಿಡಿಯುವುದು ಇದೇ.

ಧರ್ಮದ ವಿಷಯಕ್ಕೆ ಬಂದರೆ, ಫಿಲಾಸಫಿ ಕ್ಲಾಸ್ ಅಂದರೆ ದೇವರ ಪಾಠ ಅಂತ ಬಂದು ಕೂರುವವರು ಜಾಸ್ತಿ. ಅದೆಲ್ಲ ಮೂಢನಂಬಿಕೆ, ನನಗೆ ಲಾಜಿಕ್ ಮಾತ್ರ ಸಾಕು ಅನ್ನುವವರೂ ಇದ್ದಾರೆ. ಇಬ್ಬರೂ ಇದರಲ್ಲಿ ಪೂರ್ವಮೀಮಾಂಸೆಯ ಅಧ್ಯಾಯ ಓದಬೇಕು. ವೇದವನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದ ಜನ, ಆದರೆ ಜಗತ್ತನ್ನು ಸೃಷ್ಟಿಸಿದ ದೇವರನ್ನು ಒಪ್ಪುವುದಿಲ್ಲ! ಸಾಂಖ್ಯ ದರ್ಶನದವರಿಗೂ ಆ ದೇವರು ಬೇಕಾಗಿಲ್ಲ. ಜೈನ, ಬೌದ್ಧರಿಗಂತೂ ಇಲ್ಲವೇ ಇಲ್ಲ. ಹಾಗಂತ ಇವರು ಯಾರೂ ಬರೀ ವಾದ ಗೆಲ್ಲಲು ಕೂತವರಲ್ಲ. ತಿಳಿದುಕೊಂಡ ಮೇಲೆ ಬದುಕು ಬದಲಾಗಬೇಕು ಅನ್ನುವುದು ಎಲ್ಲರ ಹಟ, ಭೌತವಾದಿಗಳಾದ ಚಾರ್ವಾಕರೊಬ್ಬರು ಮಾತ್ರ ಮೋಕ್ಷದ ಮಾತೇ ಬೇಡ ಅಂದವರು. ಚಾರ್ವಾಕರ ಅಧ್ಯಾಯ ಚಿಕ್ಕದು. ಅವರ ಮಾತು ನಮಗೆ ಸಿಕ್ಕಿರುವುದು ಬಹುಪಾಲು ಎದುರಾಳಿಗಳ ಬರಹದಿಂದ, ಅದನ್ನು ಹಿರಿಯಣ್ಣನವರು ಮುಚ್ಚಿಡುವುದಿಲ್ಲ. ಈ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

ಈಗ ಕೊರತೆಗಳು. ದೊಡ್ಡದು ಅಂದರೆ ದ್ವೈತ ಇಲ್ಲ. ವೇದಾಂತಕ್ಕೆ ಎರಡು ಅಧ್ಯಾಯ, ಅದ್ವೈತ ಮತ್ತು ವಿಶಿಷ್ಟಾದ್ವೈತ, ಅಲ್ಲಿಗೆ ಪುಸ್ತಕ ಮುಗಿಯಿತು. ಉಡುಪಿಯ ಮಧ್ವಾಚಾರ್ಯರನ್ನು ಮೈಸೂರಿನವರೇ ಬಿಟ್ಟಿದ್ದಾರೆ ಅನ್ನುವುದು ಕನ್ನಡದ ವಿದ್ಯಾರ್ಥಿಗೆ ಬೇಜಾರಿನ ವಿಷಯ. 1949ರಲ್ಲಿ ಬಂದ ಅವರದೇ ‘ದಿ ಎಸೆನ್ಷಿಯಲ್ಸ್ ಆಫ್ ಇಂಡಿಯನ್ ಫಿಲಾಸಫಿ’ಯಲ್ಲಿ ದ್ವೈತ ಸೇರಿದೆ, ಆ ಭಾಗವನ್ನು ಲೈಬ್ರರಿಯಲ್ಲಿ ಓದಿಕೊಳ್ಳಿ. ವೀರಶೈವರ ಶಕ್ತಿವಿಶಿಷ್ಟಾದ್ವೈತಕ್ಕೆ, ವಚನಕಾರರ ವಿಚಾರಕ್ಕೆ ಅಧ್ಯಾಯ ಇಲ್ಲ, ಅವಕ್ಕೆ ಬೇರೆಯೇ ಓದಬೇಕು. ಬೌದ್ಧ ತರ್ಕದ ಭಾಗವೂ ಈಗ ಹಳೆಯದಾಗಿದೆ. ಹಿಂದಿ ಲೇಖಕ, ವಿದ್ವಾಂಸ ರಾಹುಲ ಸಾಂಕೃತ್ಯಾಯನರು 1930ರ ದಶಕದಲ್ಲಿ ಟಿಬೆಟ್ಟಿನ ಮಠಗಳಲ್ಲಿ ಪತ್ತೆ ಮಾಡಿದ, ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಸಂಸ್ಕೃತ ಗ್ರಂಥ ಪುಸ್ತಕ ಬರೆಯುವಾಗ ಇವರ ಮುಂದೆ ಇರಲಿಲ್ಲ.

ಭಾಷೆಯ ಬಗ್ಗೆ ಹೇಳುವುದಾದರೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಶುರುವಿನ ಪುಟಗಳು ಕಷ್ಟ. ವಾಕ್ಯ ಉದ್ದ, ಅಡಿಟಿಪ್ಪಣಿ ತುಂಬ. ಆದರೆ ನಮಗೊಂದು ಅನುಕೂಲ ಇದೆ. ಪ್ರತ್ಯಕ್ಷ, ಅನುಮಾನ, ಗುಣ, ಕರ್ಮ, ಬಂಧ ಇವೆಲ್ಲ ನಮಗೆ ಕೇಳಿ ಗೊತ್ತಿರುವ ಪದಗಳೇ. ಮೊದಲ ಸಲ ಅಡಿಟಿಪ್ಪಣಿ ಬಿಟ್ಟು ಓದಿ. ಪೀಠಿಕೆಯ ನಂತರ ವೇದಕಾಲದ ಭಾಗಕ್ಕೆ ಹೋಗದೆ ಸೀದಾ ನ್ಯಾಯ–ವೈಶೇಷಿಕಕ್ಕೆ ಹೋಗಿ, ಅಲ್ಲಿಂದ ಮೀಮಾಂಸೆ, ಆಮೇಲೆ ಅದ್ವೈತ. ಉಪನಿಷತ್ತಿಗೆ ಕೊನೆಗೆ ವಾಪಸ್ ಬಂದರೆ ಸಾಕು. ಮೇಷ್ಟ್ರ ಸಿಲಬಸ್ ಕ್ರಮ ಬೇರೆ ಇರಬಹುದು, ಪರವಾಗಿಲ್ಲ.

ದೆಹಲಿಯ ಮೋತಿಲಾಲ್ ಬನಾರಸಿದಾಸ್ ಮರುಮುದ್ರಣ ಮಾಡಿದ್ದಾರೆ. ಹಳೆ ಪ್ರತಿ ಬೇಕಾದರೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹುಡುಕಿ ನೋಡಬಹುದು. ಲೇಖಕರು ತೀರಿಕೊಂಡು 60 ವರ್ಷ ದಾಟಿರುವುದರಿಂದ ನಮ್ಮಲ್ಲಿ 2011ರಿಂದ ಇದಕ್ಕೆ ಹಕ್ಕುಸ್ವಾಮ್ಯ ಇಲ್ಲ, ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಪುಕ್ಕಟೆಯಾಗಿ ಸಿಗುತ್ತದೆ. ಮೊದಲು ಅದರಲ್ಲಿ ಪೀಠಿಕೆ ಓದಿ ನೋಡಿ, ಹಿಡಿಸಿದರೆ ಪ್ರಿಂಟ್ ಕೊಳ್ಳಿ. ಮಾರ್ಜಿನ್‌ನಲ್ಲಿ ಪೆನ್ಸಿಲ್ ಹಿಡಿದು ಬರೆಯುತ್ತಾ ಓದುವ ಪುಸ್ತಕ ಇದು, ಮೊಬೈಲ್‌ನಲ್ಲಿ ಪೂರ್ತಿ ಓದುವುದು ಕಷ್ಟ.