ಖಾಲಿ ತಾರೀಖಿನ ವಿಚಾರದಲ್ಲಿ ಪೋಸ್ಟ್‌ಗ್ರೆಸ್ ಎಷ್ಟು ಗಟ್ಟಿ?

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಗ್ರಂಥಾಲಯದ ಸದಸ್ಯರ ಟೇಬಲ್ ಒಂದಿದೆ ಎಂದುಕೊಳ್ಳಿ. 'ಮುಕ್ತಾಯ' ಕಾಲಮ್‌ನಲ್ಲಿ ಸದಸ್ಯತ್ವ ಮುಗಿಯುವ ತಾರೀಖು. ಆಜೀವ ಸದಸ್ಯರಿಗೆ ಅದು ನಲ್, ಅಂದರೆ ಖಾಲಿ. 'ಮುಕ್ತಾಯ >= ಇಂದು' ಎಂದು ಕೇಳಿದರೆ ಆಜೀವ ಸದಸ್ಯರು ಒಬ್ಬರೂ ಬರುವುದಿಲ್ಲ. 'ಮುಕ್ತಾಯ < ಇಂದು' ಎಂದು ಅವಧಿ ಮೀರಿದವರನ್ನು ಕೇಳಿದರೆ ಅಲ್ಲೂ ಇಲ್ಲ. ನಲ್ ಜೊತೆ ಹೋಲಿಸಿದರೆ ಉತ್ತರವೂ ನಲ್ಲೇ. ಕ್ವೆರಿಯ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯ) ವೇರ್ ಷರತ್ತು 'ನಿಜ' ಎಂದು ಬಂದ ಸಾಲುಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಎರರ್ ಕೂಡ ಬರುವುದಿಲ್ಲ, ಅದೇ ಅಪಾಯ. ಇದು ಡೇಟಾಬೇಸ್‌ಗಳ ಭಾಷೆಯಾದ ಎಸ್‌ಕ್ಯೂಎಲ್‌ನದೇ ನಿಯಮ. ಪೋಸ್ಟ್‌ಗ್ರೆಸ್‌ನ ಹೆಚ್ಚುಗಾರಿಕೆ ಇರುವುದು ಇದರಿಂದ ಪಾರಾಗಲು ಕೊಟ್ಟಿರುವ ದಾರಿಗಳಲ್ಲಿ.

ಅವುಗಳಲ್ಲಿ, ಎರಡು ತಾರೀಖುಗಳ ನಡುವಿನ ಅವಧಿಯನ್ನು ಒಂದೇ ಮೌಲ್ಯವಾಗಿ ಹಿಡಿಯುವ ಡೇಟ್‌ರೇಂಜ್‌ಗೆ ನನ್ನ ಪೂರ್ತಿ ಅಂಕ. 2012ರ 9.2 ಆವೃತ್ತಿಯಿಂದಲೇ ಇದೆ. 'ಡೇಟ್‌ರೇಂಜ್(ಆರಂಭ, ಮುಕ್ತಾಯ, '[]') @> ಇಂದು' ಎಂದು ಬರೆದರೆ ಸಾಕು ('@>' ಎಂದರೆ 'ಒಳಗೊಂಡಿದೆಯೇ'), ಮುಕ್ತಾಯ ನಲ್ ಇದ್ದಲ್ಲಿ ಕೊನೆಯೇ ಇಲ್ಲದ ಅವಧಿ ಎಂದು ಹಿಡಿಯುತ್ತದೆ. ಎರಡೂ ತುದಿಯ ದಿನಗಳನ್ನು ಸೇರಿಸುವ ಆ '[]' ಬಿಡಬೇಡಿ. ಬಿಟ್ಟರೆ '[)' ಎಂದಾಗಿ ಕೊನೆಯ ದಿನವೇ ಹೊರಗುಳಿಯುತ್ತದೆ, ಇಂದು ಸದಸ್ಯತ್ವ ಮುಗಿಯುವವನಿಗೆ ಇಂದೇ ಪುಸ್ತಕ ಸಿಗದು. ಹುಡುಕಾಟ ಬೇಗವಾಗಲು ಇದೇ ಎಕ್ಸ್‌ಪ್ರೆಶನ್ ಮೇಲೆ ಜಿಸ್ಟ್ ಇಂಡೆಕ್ಸ್ ಹಾಕಬಹುದು. ಎರಡು ಎಚ್ಚರಿಕೆ: ಆರಂಭವೂ ನಲ್ ಆಗಿದ್ದರೆ ಆ ಸಾಲು ಎಲ್ಲ ದಿನಕ್ಕೂ ಹೊಂದುತ್ತದೆ, ಹಾಗಾಗಿ ಆರಂಭಕ್ಕೆ ನಾಟ್ ನಲ್ ಕಡ್ಡಾಯ ಮಾಡಿ. ಆರಂಭಕ್ಕಿಂತ ಮುಕ್ತಾಯ ಹಿಂದಿರುವ ಒಂದು ಸಾಲು ಸಿಕ್ಕರೂ ಇಡೀ ಕ್ವೆರಿ ಎರರ್ ಕೊಟ್ಟು ನಿಲ್ಲುತ್ತದೆ. ಚೆಕ್ ಕನ್‌ಸ್ಟ್ರೇಂಟ್ (ಸಾಲು ಸೇರುವಾಗಲೇ ಪರೀಕ್ಷಿಸುವ ನಿಯಮ) ಹಾಕಿ ಅದನ್ನು ಮೊದಲೇ ತಡೆಯಿರಿ. ಚೆಕ್‌ನಲ್ಲಿ ನಲ್ ಬಂದರೆ ಪಾಸ್ ಎಂದೇ ಲೆಕ್ಕ, ಆಜೀವ ಸದಸ್ಯರಿಗೆ ತೊಂದರೆಯಿಲ್ಲ.

ತಾರೀಖು ಬದಲಾಯಿತೇ ಎಂದು ಟ್ರಿಗರ್‌ನಲ್ಲಿ (ಸಾಲು ಬದಲಾದಾಗ ತಾನೇ ಓಡುವ ಕೋಡ್) ನೋಡಲು 'ಸಮವಲ್ಲ' ಎನ್ನುವ '<>' ಬೇಡ. ನಲ್ ಇದ್ದದ್ದು ತಾರೀಖಾದರೆ ಅದಕ್ಕೆ ಗೊತ್ತೇ ಆಗದು. 'ಈಸ್ ಡಿಸ್ಟಿಂಕ್ಟ್ ಫ್ರಮ್' ಬಳಸಿ.

ಮತ್ತೊಂದು ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ನಿಂದ ಬರುವವರು ಎಡವುವುದು ಬೇರೆ ಕಡೆ. ಇಳಿಕೆ ಕ್ರಮದಲ್ಲಿ ಜೋಡಿಸಿದರೆ ಇಲ್ಲಿ ನಲ್‌ಗಳು ಮೇಲೆ ಬಂದು ಕೂರುತ್ತವೆ, 'ನಲ್ಸ್ ಲಾಸ್ಟ್' ಸೇರಿಸಬೇಕು. ಗ್ರೇಟೆಸ್ಟ್ ಫಂಕ್ಷನ್ ಇಲ್ಲಿ ನಲ್ ಬಿಟ್ಟು ಉಳಿದವುಗಳಲ್ಲಿ ದೊಡ್ಡದನ್ನು ಕೊಡುತ್ತದೆ. ಅಲ್ಲಿ ಒಂದು ನಲ್ ಇದ್ದರೂ ಉತ್ತರ ನಲ್.

ನಲ್ ಬದಲು 'ಇನ್ಫಿನಿಟಿ' (ಅನಂತ) ತಾರೀಖನ್ನೇ ಇಡುವ ಸೌಲಭ್ಯವೂ ಇದೆ. ಹೋಲಿಕೆ ಸಲೀಸು, ಆದರೆ ಪೈಥಾನ್ ಬಳಸುವವರಿಗೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಪೈಥಾನನ್ನು ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಸೈಕೊಪಿಜಿ2 ಲೈಬ್ರರಿ ಅದನ್ನು 9999-12-31 ಎಂದು ಓದಿ, ವಾಪಸ್ ಬರೆಯುವಾಗಲೂ ಅದನ್ನೇ ಬರೆಯುತ್ತದೆ. ಹಾಗೊಮ್ಮೆ ಸೇವ್ ಆದಮೇಲೆ ಆ ಸದಸ್ಯರು 'ಇನ್ಫಿನಿಟಿ' ಎಂದು ಹುಡುಕಿದರೆ ಸಿಗುವುದಿಲ್ಲ.