ಹಬ್ಬದ ಮರದ ಫಲಕ: ಅಕ್ಷರ ಮೂಡಿಸಲು ಯಾವ ವಿಧಾನ, ಹಳೆಯ ನೋಟಕ್ಕೆ ಯಾವುದು?

ಒರಟು ಹಲಗೆಯ ಮೇಲೆ ಹಬ್ಬದ ಶುಭಾಶಯ ಮೂಡಿಸಲು ಮೂರು ವಿಧಾನಗಳನ್ನು ಹೋಲಿಸಿ ನೋಡಿದ್ದೇವೆ: ಅಕ್ಷರದ ಆಕಾರ ಕತ್ತರಿಸಿ ಹಲಗೆಗೆ ಅಂಟಿಸುವ ವಿನೈಲ್ ಹಾಳೆ, ಅಕ್ಷರ ಕೊರೆದ ಪ್ಲಾಸ್ಟಿಕ್ ಅಚ್ಚು (ಸ್ಟೆನ್ಸಿಲ್), ಸೀಮೆಸುಣ್ಣದಿಂದ ಅಚ್ಚಿಳಿಸಿ ಕೈಯಲ್ಲಿ ಬಣ್ಣ ತುಂಬುವುದು. ಹಲಗೆ 30 x 60 ಸೆಂ.ಮೀ. ಪೈನ್. 80 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಆಮೇಲೆ 120, ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ನುಣುಪಾದರೆ ಹಳೆಯ ಮರದ ಗುಣವೇ ಹೋಗುತ್ತದೆ. (ಸರಕು ಸಾಗಿಸುವ ಮರದ ಅಟ್ಟಣೆಯ, ಅಂದರೆ ಪ್ಯಾಲೆಟ್‌ನ, ಮರ ಬಳಸುವವರು ಅದರ ಮೇಲಿನ ಮುದ್ರೆ ನೋಡಿ: 'ಎಚ್‌ಟಿ' (HT) ಎಂದಿದ್ದರೆ ಕಾಯಿಸಿದ ಮರ, ಬಳಸಬಹುದು. 'ಎಂಬಿ' (MB) ಎಂದಿದ್ದರೆ ವಿಷಾನಿಲ ಹಾಯಿಸಿದ್ದು, ಮುಟ್ಟಬೇಡಿ.)

ವಿನೈಲ್ ಕೊಡುವಷ್ಟು ಚೂಪಾದ ಅಂಚು ಬೇರೆ ಯಾವುದರಲ್ಲೂ ಬರುವುದಿಲ್ಲ, ಆದರೆ ಹಲಗೆ ನುಣುಪಾಗಿರಬೇಕು. ಒರಟು ಮರದ ತಗ್ಗುಗಳಿಗೆ ಅದು ಅಂಟದೆ ನಿಲ್ಲುತ್ತದೆ, ಸಂದಿನಲ್ಲಿ ಬಣ್ಣ ನುಸುಳುತ್ತದೆ. ಇದಕ್ಕೆ ಉಪಾಯವಿದೆ: ಮೊದಲು ಹಿನ್ನೆಲೆಯ ಬಣ್ಣವನ್ನೇ ಅಂಚಿಗೆ ತೆಳುವಾಗಿ ಸವರಿ ಒಣಗಿಸಿ. ನುಸುಳಿದರೂ ಅದು ಕಾಣುವುದಿಲ್ಲ, ಸಂದೂ ಮುಚ್ಚುತ್ತದೆ. ಬರೀ ಮರದ ಬಣ್ಣದ ಹಿನ್ನೆಲೆಯಾದರೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸವರಿ. ಹಾಳೆ ಕೀಳುವಾಗ ಮೇಲಿನ ಬಣ್ಣ ಇನ್ನೂ ಹಸಿಯಾಗಿರಬೇಕು, ಹಿನ್ನೆಲೆ ಮಾತ್ರ ಒಂದು ದಿನವಾದರೂ ಒಣಗಿರಬೇಕು. ಇಲ್ಲದಿದ್ದರೆ ಹಾಳೆಯ ಜೊತೆ ಹಿನ್ನೆಲೆಯೂ ಎದ್ದು ಬರುತ್ತದೆ.

ಸ್ಟೆನ್ಸಿಲ್‌ನ ತೊಡಕು ಕನ್ನಡ ಲಿಪಿಯಲ್ಲೇ ಇದೆ. 'ರ', 'ಠ', ಅನುಸ್ವಾರದ ಸೊನ್ನೆ ಇವುಗಳ ಒಳಭಾಗ ಕತ್ತರಿಸಿದರೆ ಕಳಚಿ ಬೀಳುತ್ತದೆ. ಹಿಡಿದಿಡಲು ಎರಡು ಸಣ್ಣ ಪಟ್ಟಿ ಬಿಡಬೇಕು, ಆಮೇಲೆ ಆ ಗೆರೆಗಳನ್ನು ಬ್ರಷ್‌ನಿಂದ ಮುಚ್ಚಬೇಕು. ಸ್ಪಂಜಿಗೆ ಬಣ್ಣ ಹಿಡಿಸಿ, ಕಾಗದಕ್ಕೆ ಒತ್ತಿ ಹೆಚ್ಚಿನದನ್ನು ತೆಗೆದು, ನೇರವಾಗಿ ತಟ್ಟಿ. ಎಳೆದರೆ ಬಣ್ಣ ಸ್ಟೆನ್ಸಿಲ್‌ನ ಕೆಳಕ್ಕೆ ನುಸುಳುತ್ತದೆ. ಅದೇ ಫಲಕ ಹತ್ತಾರು ಬೇಕಾದರೆ ಮಾತ್ರ ಇಷ್ಟು ಶ್ರಮ ಸಾರ್ಥಕ.

ಒಂದೇ ಫಲಕಕ್ಕೆ ನಮ್ಮ ಆಯ್ಕೆ ಸೀಮೆಸುಣ್ಣವೇ. ಮುದ್ರಿತ ಹಾಳೆಯ ಹಿಂಬದಿಗೆ ಸೀಮೆಸುಣ್ಣ ಉಜ್ಜಿ, ಪುಡಿ ಕೊಡವಿ, ಹಲಗೆಗೆ ಟೇಪಿನಿಂದ ಬಿಗಿದು, ಅಕ್ಷರದ ಅಂಚನ್ನು ಬಾಲ್‌ಪೆನ್ನಿನಿಂದ ಒತ್ತಿ ತಿದ್ದಿ. ಗೆರೆ ಸ್ವಲ್ಪ ಮಸುಕಾಗಿಯೇ ಬೀಳುತ್ತದೆ, ಅಷ್ಟು ಸಾಕು. ಕಾರ್ಬನ್ ಕಾಗದದ ಗೆರೆ ಸ್ಪಷ್ಟ, ಆದರೆ ಜಿಡ್ಡಿರುವುದರಿಂದ ಒರೆಸಿದರೆ ಹೋಗದು, ಬಿಳಿ ಬಣ್ಣದಡಿ ಇಣುಕುತ್ತದೆ. ತಿಳಿ ಹಿನ್ನೆಲೆಗೆ ಬಣ್ಣದ ಸೀಮೆಸುಣ್ಣ ಬಳಸಿ. 2 ನಂಬರಿನ ದುಂಡು ಬ್ರಷ್ ಸಾಕು. ಬಣ್ಣಕ್ಕೆ ಕೆಲವು ಹನಿ ನೀರು ಬೆರೆಸಿ, ಮೊದಲು ಅಂಚು, ಆಮೇಲೆ ಒಳಗು. ಕೈ ಕೊಂಚ ನಡುಗಿದರೂ ಒರಟು ಹಲಗೆಗೆ ಅದೇ ಒಪ್ಪುತ್ತದೆ.

ಇನ್ನು ಹಳೆಯ ನೋಟ. ಬರೀ ಉಪ್ಪುಕಾಗದದಲ್ಲಿ ತಿಕ್ಕಿದರೆ ಬಣ್ಣ ಎಲ್ಲೆಡೆ ಒಂದೇ ಸಮ ತೆಳುವಾಗುತ್ತದೆ, ಸವೆದಂತೆ ಕಾಣುವುದಿಲ್ಲ. ಪೆಟ್ರೋಲಿಯಂ ಜೆಲ್ಲಿ ಹಚ್ಚಿದ ಕಡೆ ಬಣ್ಣ ಸುಲಭವಾಗಿ ಕಳಚುತ್ತದೆ, ಆದರೆ ಜಿಡ್ಡು ಉಳಿಯುತ್ತದೆ, ಸೋಪಿನ ನೀರಿನಲ್ಲಿ ಒರೆಸಲೇಬೇಕು. ಮೇಣದಬತ್ತಿ ಇವೆರಡಕ್ಕಿಂತ ಮೇಲು: ಕೈ ತಾಗಿ ಸವೆಯುವ ಮೂಲೆ, ಅಂಚು, ಗಂಟುಗಳಿಗೆ ಮಾತ್ರ ಉಜ್ಜಿ, ಅದರ ಮೇಲೆ ಬಣ್ಣ ಬಳಿದು, ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಲ್ಲಿ ಮೆಲ್ಲಗೆ ತಿಕ್ಕಿದರೆ ಅಲ್ಲಲ್ಲೇ ಬಣ್ಣ ಚಕ್ಕೆಯಾಗಿ ಬಿಡುತ್ತದೆ. ಅಕ್ಷರ ಬರುವ ಜಾಗಕ್ಕೆ ಮೇಣ ತಾಗಿಸಬೇಡಿ, ಅಕ್ಷರವೂ ಉದುರುತ್ತದೆ.

ಬಣ್ಣದಡಿ ಕಾಣುವ ಮರ ಬೂದುಗಂದಾಗಬೇಕೆಂದರೆ ವಿನೆಗರ್‌ನಲ್ಲಿ ಸ್ಟೀಲ್ ವೂಲ್ (ಉಕ್ಕಿನ ನವಿರು ಎಳೆಗಳ ಉಂಡೆ) ಒಂದೆರಡು ದಿನ ನೆನೆಸಿ ಸೋಸಿದ ದ್ರವವನ್ನು ಎಲ್ಲಕ್ಕಿಂತ ಮೊದಲು ಹಚ್ಚಿ. ಪಾತ್ರೆಯ ಮುಚ್ಚಳ ಬಿಗಿಯಬೇಡಿ, ಒಳಗೆ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಈ ದ್ರವದೊಡನೆ ಸೇರಿ ಕಪ್ಪಾಗುವ ಟ್ಯಾನಿನ್ ಎಂಬ ಒಗರು ಪದಾರ್ಥ ಪೈನ್‌ನಲ್ಲಿ ಕಡಿಮೆಯಾದ್ದರಿಂದ ಮುಂಚೆ ಗಟ್ಟಿ ಚಹಾ ಡಿಕಾಕ್ಷನ್ ಬಳಿದು ಒಣಗಿಸಿದರೆ ಬಣ್ಣ ಚೆನ್ನಾಗಿ ಕಪ್ಪೇರುತ್ತದೆ.

ಕೊನೆಗೆ ನೀರಿನ ಮ್ಯಾಟ್ ವಾರ್ನಿಷ್, ಎರಡು ತೆಳು ಕೋಟ್. ಎಣ್ಣೆ ವಾರ್ನಿಷ್ ಬಿಳಿಯನ್ನು ಹಳದಿಗೆ ತಿರುಗಿಸುತ್ತದೆ. ಮೇಣ ಹಚ್ಚಿದ ಅಂಚುಗಳನ್ನು ಮೊದಲು ಟರ್ಪೆಂಟೈನ್ ತಾಗಿಸಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ, ಇಲ್ಲದಿದ್ದರೆ ವಾರ್ನಿಷ್ ಅಲ್ಲಿ ಹಿಡಿಯದೆ ಹನಿಹನಿಯಾಗಿ ಸರಿಯುತ್ತದೆ.